ಮೆದುಳಿನ ಚಿತ್ರಗಳ ಹೋಲಿಕೆ: ಯಾವ ಪರೀಕ್ಷೆ, ಯಾವಾಗ, ಏಕೆ

ಮೆದುಳಿನ ಸ್ಕ್ಯಾನ್ ಬಳಸಿ ನಡೆಯುವ ಸಂಶೋಧನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಈ ಗುಂಪಿನವರ ಮೆದುಳಿಗೂ ಆ ಗುಂಪಿನವರ ಮೆದುಳಿಗೂ ವ್ಯತ್ಯಾಸ ಇದೆಯೇ? ಮರೆವಿನ ಕಾಯಿಲೆ ಇರುವವರು ಮತ್ತು ಇಲ್ಲದವರು, ಔಷಧಿ ತೆಗೆದುಕೊಂಡವರು ಮತ್ತು ತೆಗೆದುಕೊಳ್ಳದವರು, ಸಂಗೀತ ಕಲಿತವರು ಮತ್ತು ಕಲಿಯದವರು, ಹೀಗೆ ಹೋಲಿಕೆ ಯಾವುದೇ ಇರಲಿ, ಎರಡೂ ಗುಂಪುಗಳ ಸರಾಸರಿ ತೆಗೆದರೆ ಎಲ್ಲೋ ಒಂದು ಕಡೆ ವ್ಯತ್ಯಾಸ ಕಂಡೇ ಕಾಣುತ್ತದೆ. ಒಂದೇ ಊರಿನ ಇಪ್ಪತ್ತು ಆರೋಗ್ಯವಂತರನ್ನು ಚೀಟಿ ಎತ್ತಿ ಹತ್ತು ಹತ್ತು ಮಂದಿಯಾಗಿ ಬೇರೆ ಮಾಡಿದರೂ ಕಾಣುತ್ತದೆ. ಕಂಡದ್ದು ಗುಂಪಿಗೆ ಸಂಬಂಧಿಸಿದ್ದೋ, ಬರಿಯ ಆಕಸ್ಮಿಕವೋ ಎಂದು ತೀರ್ಮಾನಿಸಲು ಸಂಖ್ಯಾಶಾಸ್ತ್ರದ ಪರೀಕ್ಷೆಗಳು ಬೇಕು. ಅಂಥವು ಹತ್ತಾರಿವೆ. ಆಯ್ಕೆ ತಪ್ಪಿದರೆ ಇಲ್ಲದ ಕಾಯಿಲೆಯ ಗುರುತು ಇದ್ದಂತೆ ತೋರುತ್ತದೆ, ಇಲ್ಲವೇ ಇರುವ ಗುರುತು ಕಣ್ತಪ್ಪಿ ಹೋಗುತ್ತದೆ. ಆಯ್ಕೆ ನಿಲ್ಲುವುದು ಎರಡು ಸಂಗತಿಗಳ ಮೇಲೆ: ಮಾಹಿತಿ ಯಾರಿಂದ, ಹೇಗೆ ಬಂತು ಎಂಬುದು ಒಂದು, ಮೆದುಳಿನ ಯಾವ ಜಾಗದ ಬಗ್ಗೆ ಎಷ್ಟು ಖಚಿತವಾಗಿ ಮಾತಾಡಬೇಕಾಗಿದೆ ಎಂಬುದು ಇನ್ನೊಂದು.

ಹೆಸರಾದ ಉದಾಹರಣೆಯೊಂದು ಲಂಡನ್ನಿನದು. ಅಲ್ಲಿ ಟ್ಯಾಕ್ಸಿ ಪರವಾನಗಿ ಬೇಕಾದವರು ನಗರದ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಕೊಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಎಲೀನರ್ ಮಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 16 ಚಾಲಕರ ಎಂಆರ್‌ಐ ಚಿತ್ರಗಳನ್ನು ಟ್ಯಾಕ್ಸಿ ಓಡಿಸದ 50 ಗಂಡಸರ ಚಿತ್ರಗಳ ಜೊತೆ ಹೋಲಿಸಿದರು. ದಾರಿಯ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಚಾಲಕರಲ್ಲಿ ದೊಡ್ಡದಾಗಿತ್ತು, ಮುಂತುದಿ ಉಳಿದವರಲ್ಲಿ ದೊಡ್ಡದಾಗಿತ್ತು. ಇಷ್ಟು ಸರಳವಾದ ಹೋಲಿಕೆಯಲ್ಲೇ ತೀರ್ಮಾನಿಸಬೇಕಾದ ವಿಷಯಗಳು ಹಲವಿದ್ದವು. ಒಂದು ಗುಂಪಿನಲ್ಲಿ 16 ಜನ, ಇನ್ನೊಂದರಲ್ಲಿ 50. ಇಡೀ ಮೆದುಳನ್ನು ಜಾಲಾಡಬೇಕೋ, ಹಿಪೊಕ್ಯಾಂಪಸ್ ಒಂದನ್ನೇ ಅಳೆಯಬೇಕೋ? ಈ ತಂಡ ಎರಡನ್ನೂ ಮಾಡಿತು. ಕಂಪ್ಯೂಟರ್ ಇಡೀ ಮೆದುಳನ್ನು ಹೋಲಿಸಿತು; ಯಾವ ಚಿತ್ರ ಯಾರದೆಂದು ಗೊತ್ತಿಲ್ಲದ ಒಬ್ಬ ಪರಿಣತರು ಹಿಪೊಕ್ಯಾಂಪಸ್ ಅನ್ನು ಕೈಯಾರೆ ಅಳೆದರು. ಒಂದು ಇನ್ನೊಂದಕ್ಕೆ ಸಾಕ್ಷಿಯಾಯಿತು.

ಎಂಆರ್‌ಐ ಯಂತ್ರ ತಲೆಯನ್ನು ಪುಟ್ಟ ಘನಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಈ ಘನಕ್ಕೆ ವಾಕ್ಸೆಲ್ ಎಂದು ಹೆಸರು. ಮೆದುಳಿನ ರಚನೆ ತೋರಿಸುವ ಚಿತ್ರಗಳಲ್ಲಿ ವಾಕ್ಸೆಲ್‌ನ ಬದಿ ಸುಮಾರು 1 ಮಿಲಿಮೀಟರ್; ಮೆದುಳು ಕೆಲಸ ಮಾಡುವಾಗ ರಕ್ತದ ಆಮ್ಲಜನಕದಲ್ಲಾಗುವ ಏರಿಳಿತವನ್ನು ಹಿಡಿಯುವ ಎಫ್‌ಎಂಆರ್‌ಐ ಚಿತ್ರಗಳಲ್ಲಿ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್. 2 ಮಿಲಿಮೀಟರ್ ಲೆಕ್ಕ ಹಿಡಿದರೆ ಒಬ್ಬ ವಯಸ್ಕರ ಮೆದುಳಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಾಕ್ಸೆಲ್‌ಗಳಿರುತ್ತವೆ. ಒಬ್ಬೊಬ್ಬರ ಮೆದುಳಿನ ಆಕಾರ ಒಂದೊಂದು ಬಗೆಯಾದ್ದರಿಂದ ಎಲ್ಲ ಚಿತ್ರಗಳನ್ನೂ ಹಿಗ್ಗಿಸಿ ಕುಗ್ಗಿಸಿ ಒಂದು ಸಾಮಾನ್ಯ ಅಚ್ಚಿಗೆ ಹೊಂದಿಸುತ್ತಾರೆ. ಆಗಲೂ ಉಳಿಯುವ ಸಣ್ಣಪುಟ್ಟ ಹೆಚ್ಚುಕಡಿಮೆ ತೊಂದರೆ ಕೊಡದಿರಲೆಂದು ಅಕ್ಕಪಕ್ಕದ ವಾಕ್ಸೆಲ್‌ಗಳ ಬೆಲೆಗಳನ್ನು ಒಂದಿಷ್ಟು ಬೆರೆಸಿ ಚಿತ್ರವನ್ನು ನಯಗೊಳಿಸುತ್ತಾರೆ. ಹೀಗೆ ಬೆರೆತ ಮೇಲೆ ನೆರೆಯ ವಾಕ್ಸೆಲ್‌ಗಳು ಒಂದನ್ನೊಂದು ಹೋಲುತ್ತವೆ. ಮುಂದಿನ ಲೆಕ್ಕಾಚಾರದಲ್ಲಿ ಈ ಹೋಲಿಕೆಗೆ ದೊಡ್ಡ ಪಾತ್ರವಿದೆ.

ಇಷ್ಟಾದ ಮೇಲೆ ಒಂದೊಂದು ವಾಕ್ಸೆಲ್‌ನಲ್ಲೂ ಗುಂಪುಗಳ ಹೋಲಿಕೆ ನಡೆಯುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಟಿ-ಟೆಸ್ಟ್. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಪ್ರಕಟಿಸಿದ ಲೇಖನ ಇದರ ಮೂಲ. ಎರಡು ಸರಾಸರಿಗಳ ಅಂತರವನ್ನು ಆ ಅಂತರದಲ್ಲಿರುವ ಅನಿಶ್ಚಿತತೆಯಿಂದ ಭಾಗಿಸಿದರೆ ಬರುವುದೇ ಟಿ. ಅಂತರ ದೊಡ್ಡದಾಗಿ, ಗುಂಪಿನೊಳಗಿನ ಏರಿಳಿತ ಚಿಕ್ಕದಾಗಿದ್ದರೆ ಟಿ ದೊಡ್ಡದಾಗುತ್ತದೆ. ಗುಂಪುಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲ ಎಂದಿಟ್ಟುಕೊಂಡರೆ ಇಷ್ಟು ದೊಡ್ಡ, ಅಥವಾ ಇದಕ್ಕೂ ದೊಡ್ಡ ಟಿ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟೋ ಅದು ಪಿ ಮೌಲ್ಯ. ಪಿ 0.05 ಎಂದರೆ ವ್ಯತ್ಯಾಸ ನಿಜವಾಗಿರುವ ಸಾಧ್ಯತೆ ನೂರಕ್ಕೆ 95 ಎಂದು ಅರ್ಥವಲ್ಲ. ಪತ್ರಿಕೆಗಳಲ್ಲೂ ಕೆಲವೊಮ್ಮೆ ಪಠ್ಯಪುಸ್ತಕಗಳಲ್ಲೂ ಈ ತಪ್ಪು ಅರ್ಥ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಒತ್ತಿ ಹೇಳಬೇಕಾಗಿದೆ.

ಪರೀಕ್ಷೆಯ ಆಯ್ಕೆಯಲ್ಲಿ ಮೊದಲ ಹೆಜ್ಜೆ, ಎಣಿಸಬೇಕಾದದ್ದು ಏನನ್ನು ಎಂದು ಗೊತ್ತುಮಾಡಿಕೊಳ್ಳುವುದು. ಎಫ್‌ಎಂಆರ್‌ಐ ಯಂತ್ರ ಒಬ್ಬ ವ್ಯಕ್ತಿಯಿಂದ ಕೆಲವೇ ನಿಮಿಷಗಳಲ್ಲಿ ನೂರಾರು ಚಿತ್ರಗಳನ್ನು ತೆಗೆಯುತ್ತದೆ. ಹತ್ತು ಜನರಿಂದ 300ರಂತೆ ಚಿತ್ರ ಬಂದರೆ ಒಟ್ಟು 3,000. ಆದರೆ ಅಧ್ಯಯನದಲ್ಲಿರುವುದು 3,000 ಜನರಲ್ಲ, ಹತ್ತೇ ಜನ. ಎಲ್ಲ ಚಿತ್ರಗಳನ್ನೂ ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ಬರುವ ಫಲಿತಾಂಶ ಆ ಹತ್ತು ಮಂದಿಗೆ ಮಾತ್ರ ಅನ್ವಯಿಸುತ್ತದೆ. ಬೇರೆಯವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 1990ರ ದಶಕದ ಎಷ್ಟೋ ಅಧ್ಯಯನಗಳು ಹೀಗೆಯೇ ಲೆಕ್ಕ ಹಾಕುತ್ತಿದ್ದವು. ಆ ದಶಕದ ಕೊನೆಗೆ ಲಂಡನ್ನಿನ ಎಸ್‌ಪಿಎಂ ಎಂಬ ತಂತ್ರಾಂಶದ ತಂಡ ಎರಡು ಹಂತದ ವಿಧಾನವನ್ನು ರೂಢಿಗೆ ತಂದಿತು. ಮೊದಲ ಹಂತದಲ್ಲಿ ಒಬ್ಬೊಬ್ಬರ ನೂರಾರು ಚಿತ್ರಗಳಿಂದ ವಾಕ್ಸೆಲ್‌ಗೆ ಒಂದರಂತೆ ಒಂದೇ ಸಂಖ್ಯೆ ತೆಗೆಯುವುದು. ಎರಡನೆಯ ಹಂತದಲ್ಲಿ ಆ ಸಂಖ್ಯೆಗಳನ್ನು ವ್ಯಕ್ತಿಗಳ ಮಟ್ಟದಲ್ಲಿ ಹೋಲಿಸುವುದು. ಒಬ್ಬರು ಸ್ಕ್ಯಾನರ್‌ನಲ್ಲಿ ತುಂಬ ಅಲುಗಾಡಿ ಅವರ ಅಳತೆ ಉಳಿದವರಷ್ಟು ನಂಬಿಕೆಗೆ ಅರ್ಹವಲ್ಲದಿದ್ದರೆ, ಆ ಅಳತೆಗೆ ಕಡಿಮೆ ತೂಕ ಕೊಡುವ ವಿಧಾನಗಳೂ ಇವೆ. ಆಕ್ಸ್‌ಫರ್ಡ್‌ನ ಎಫ್‌ಎಸ್‌ಎಲ್ ತಂತ್ರಾಂಶದಲ್ಲಿರುವುದು ಅಂಥದ್ದು.

ಎರಡನೆಯ ಹೆಜ್ಜೆ, ಯಾರು ಯಾರೊಂದಿಗೆ ಜೋಡಿ ಎಂದು ನೋಡುವುದು. ಎರಡು ಗುಂಪುಗಳಲ್ಲಿ ಬೇರೆ ಬೇರೆ ಜನರಿದ್ದರೆ ಎರಡು ಗುಂಪಿನ ಟಿ-ಟೆಸ್ಟ್. ಅದೇ ಜನರನ್ನು ಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಸ್ಕ್ಯಾನ್ ಮಾಡಿದ್ದರೆ ಜೋಡಿ ಟಿ-ಟೆಸ್ಟ್. ಒಬ್ಬೊಬ್ಬರ ಮೆದುಳಿನ ಹುಟ್ಟುಗುಣ ಎರಡು ಅಳತೆಗಳಲ್ಲೂ ಒಂದೇ ಆಗಿರುವುದರಿಂದ ಕಳೆದಾಗ ಅದು ಹೊರಟುಹೋಗುತ್ತದೆ, ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ. ಜೋಡಿಯಾಗಿ ಬಂದ ಮಾಹಿತಿಯನ್ನು ಬಿಡಿಬಿಡಿಯೆಂದು ಲೆಕ್ಕ ಹಾಕುವುದು ಆ ಲಾಭವನ್ನು ಕೈಯಾರೆ ಚೆಲ್ಲಿದಂತೆ. ಔಷಧಿ ಪಡೆದ ಗುಂಪನ್ನೂ ಪಡೆಯದ ಗುಂಪನ್ನೂ ಎರಡೆರಡು ಬಾರಿ ಸ್ಕ್ಯಾನ್ ಮಾಡಿದ್ದರೆ ದಾರಿ ಇನ್ನೂ ಸುಲಭ: ಪ್ರತಿಯೊಬ್ಬರ ಎರಡನೆಯ ಚಿತ್ರದಿಂದ ಮೊದಲನೆಯದನ್ನು ಕಳೆದು, ಆ ಬದಲಾವಣೆಯ ಚಿತ್ರಗಳ ಮೇಲೆ ಸಾಧಾರಣ ಎರಡು ಗುಂಪಿನ ಟಿ-ಟೆಸ್ಟ್ ನಡೆಸಿದರೆ ಸಾಕು. ಕೆಲವು ತಂತ್ರಾಂಶಗಳು ಇದಕ್ಕಾಗಿಯೇ ದೊಡ್ಡ ಮಾದರಿಗಳನ್ನು ಇಟ್ಟುಕೊಂಡಿವೆ, ಆದರೆ ಈ ಕಳೆಯುವ ಲೆಕ್ಕದಲ್ಲಿ ತಪ್ಪಾಗುವ ಸಂಭವ ಕಡಿಮೆ.

ಮೂರು, ನಾಲ್ಕು ಬಾರಿಯ ಸ್ಕ್ಯಾನ್‌ಗಳಿದ್ದರೆ ಇಷ್ಟು ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತ ಬರುವ ಅಧ್ಯಯನವನ್ನು ನಡೆಸುತ್ತಿದೆ; ಹಳ್ಳಿಗಾಡಿನಲ್ಲಿ ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತದೆ, ಮರೆವಿನ ಕಾಯಿಲೆ ಯಾರಿಗೆ ಬರುತ್ತದೆ ಎಂದು ತಿಳಿಯುವ ಪ್ರಯತ್ನ ಅದು, ಎಂಆರ್‌ಐ ಕೂಡ ಅದರ ಭಾಗ. ಇಂಥ ದೀರ್ಘಕಾಲದ ಕೆಲಸದಲ್ಲಿ ಎಲ್ಲರೂ ಎಲ್ಲ ಸಲವೂ ಬರುವುದಿಲ್ಲ. ಕೆಲವರು ಊರು ಬಿಡುತ್ತಾರೆ, ಕೆಲವರ ಆರೋಗ್ಯ ಕೆಡುತ್ತದೆ. ಒಂದು ಸಲ ತಪ್ಪಿದವರನ್ನು ಲೆಕ್ಕದಿಂದಲೇ ಕೈಬಿಡುವ ಹಳೆಯ ವಿಧಾನ ಬಳಸಿದರೆ ಹೆಚ್ಚು ಕಾಯಿಲೆಯವರೇ ಹೊರಗುಳಿದು ಗುಂಪು ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಬಂದಷ್ಟು ಸಲದ ಮಾಹಿತಿಯನ್ನೆಲ್ಲ ಬಳಸಿಕೊಂಡು, ಒಬ್ಬೊಬ್ಬರಿಗೂ ಒಂದೊಂದು ಆರಂಭದ ಮಟ್ಟ, ಒಂದೊಂದು ಇಳಿಕೆಯ ವೇಗ ಇರಬಹುದೆಂದು ಒಪ್ಪಿಕೊಳ್ಳುವ 'ಮಿಕ್ಸೆಡ್ ಮಾಡೆಲ್'ಗಳೇ ಇಲ್ಲಿ ಸರಿಯಾದ ಆಯ್ಕೆ.

ಗುಂಪಿನೊಳಗಿನ ಏರಿಳಿತವೂ ಗಮನ ಬೇಡುತ್ತದೆ. ಸಾಧಾರಣ ಟಿ-ಟೆಸ್ಟ್ ಎರಡೂ ಗುಂಪುಗಳಲ್ಲಿ ಏರಿಳಿತ ಒಂದೇ ಮಟ್ಟದ್ದೆಂದು ಭಾವಿಸುತ್ತದೆ. ಆರೋಗ್ಯವಂತರು ಬಹುಮಟ್ಟಿಗೆ ಒಂದೇ ತೆರನಾಗಿದ್ದು, ಕಾಯಿಲೆಯವರು ಕೆಲವರು ಆರಂಭದ ಹಂತದಲ್ಲಿ, ಕೆಲವರು ಮುಂದುವರಿದ ಹಂತದಲ್ಲಿ ಇರುವುದೇ ಹೆಚ್ಚು. ಚಿಕ್ಕ ಗುಂಪಿನಲ್ಲಿ ಏರಿಳಿತ ದೊಡ್ಡದಾಗಿದ್ದರೆ ಸಾಧಾರಣ ಟಿ-ಟೆಸ್ಟ್ ಇಲ್ಲದ ವ್ಯತ್ಯಾಸಗಳನ್ನು ಎಡೆಬಿಡದೆ ಎತ್ತಿ ತೋರಿಸುತ್ತದೆ. ಬಿ.ಎಲ್. ವೆಲ್ಚ್ 1947ರಲ್ಲಿ ಕೊಟ್ಟ ತಿದ್ದಿದ ರೂಪ ಎರಡು ಗುಂಪುಗಳ ಏರಿಳಿತವನ್ನೂ ಬೇರೆ ಬೇರೆಯಾಗಿಯೇ ಅಂದಾಜು ಮಾಡುತ್ತದೆ. ಗುಂಪುಗಳ ಗಾತ್ರ ಅಸಮವಾಗಿದ್ದಾಗ ಇದನ್ನು ಮೊದಲೇ ಆರಿಸಿಕೊಳ್ಳುವುದು ಜಾಣತನ.

ಇನ್ನು ವಯಸ್ಸು, ಲಿಂಗ, ತಲೆಯ ಗಾತ್ರ, ಸ್ಕ್ಯಾನರ್‌ನ ಬಗೆ. ಇವೆಲ್ಲ ಮೆದುಳಿನ ಅಳತೆಯನ್ನು ಏರುಪೇರು ಮಾಡುತ್ತವೆ. ಟಿ-ಟೆಸ್ಟ್ ಅನ್ನು ಒಳಗೊಂಡಿರುವ 'ಜನರಲ್ ಲೀನಿಯರ್ ಮಾಡೆಲ್' ಎಂಬ ದೊಡ್ಡ ಚೌಕಟ್ಟಿನಲ್ಲಿ ಇವನ್ನೂ ಸೇರಿಸಿ ಅವುಗಳ ಪಾಲನ್ನು ಕಳೆಯಬಹುದು. ಇದಕ್ಕೆ ಒಂದು ಮಿತಿ ಉಂಟು. ರೋಗಿಗಳೆಲ್ಲ 70 ದಾಟಿದವರು, ಆರೋಗ್ಯವಂತರೆಲ್ಲ 50ರ ಒಳಗಿನವರು ಆಗಿದ್ದರೆ ಯಾವ ಲೆಕ್ಕಾಚಾರವೂ ವಯಸ್ಸಿನ ಪರಿಣಾಮವನ್ನು ಕಾಯಿಲೆಯ ಪರಿಣಾಮದಿಂದ ಬಿಡಿಸಿ ಕೊಡಲಾರದು. ಆ ತಪ್ಪು ಆದದ್ದು ಜನರನ್ನು ಆರಿಸಿದ ದಿನ. ಪರೀಕ್ಷೆ ಅದನ್ನು ಮುಚ್ಚುವುದಿಲ್ಲ. ತಲೆಯ ಅಲುಗಾಟ ಇನ್ನೂ ಕಷ್ಟದ್ದು. ಮಕ್ಕಳು, ವಯಸ್ಸಾದವರು, ನಡುಕವಿರುವವರು ಹೆಚ್ಚು ಅಲುಗಾಡುತ್ತಾರೆ. ಅಲುಗಾಟವೇ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಬೇರೆಯಾಗಿದ್ದಂತೆ ತೋರಿಸಬಲ್ಲದು ಎಂದು 2012ರಲ್ಲಿ ಹೊರಬಂದ ಅಧ್ಯಯನಗಳು ತೋರಿಸಿಕೊಟ್ಟ ಮೇಲೆ, ಎರಡು ಗುಂಪುಗಳ ಅಲುಗಾಟವನ್ನೂ ಹೋಲಿಸಿ ವರದಿ ಮಾಡುವುದು ಕಡ್ಡಾಯದಂತಾಗಿದೆ.

ಒಬ್ಬರಿಂದ ಒಂದೇ ಅಳತೆಯ ಬದಲು ಹಲವು ಅಳತೆ ಬಂದಾಗ, ಉದಾಹರಣೆಗೆ ಎಡ–ಬಲ ಹಿಪೊಕ್ಯಾಂಪಸ್, ಮೆದುಳಿನ ಹೊರಪದರದ ದಪ್ಪ, ನರತಂತುಗಳ ಸ್ಥಿತಿ ಎಲ್ಲವನ್ನೂ ಒಟ್ಟಿಗೆ ಹೋಲಿಸಬೇಕಾದಾಗ, ಒಂದೊಂದಕ್ಕೂ ಬೇರೆ ಟಿ-ಟೆಸ್ಟ್ ಮಾಡುವುದಕ್ಕಿಂತ ಬಹುಚರ ಪರೀಕ್ಷೆಗಳು ಮೇಲು. ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಅವು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಈ ಶಾಖೆಯನ್ನು ಬೆಳೆಸಿದವರಲ್ಲಿ 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಪ್ರಮುಖರು. ಸುಡಾನ್ ದೇಶದ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು ಅವರು 1946ರಲ್ಲಿ ಕೇಂಬ್ರಿಜ್‌ಗೆ ಹೋದರು. ಒಂದೊಂದು ಅಸ್ಥಿಯಿಂದಲೂ ಹತ್ತಾರು ಅಳತೆ, ಹೋಲಿಸಬೇಕಾದ ಜನಸಮುದಾಯಗಳು ಹಲವು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ರೂಪಿಸಿದ ಅಂತರದ ಮಾಪನವನ್ನು ಬಳಸಿ, ಮುಂದುವರಿಸಿ ರಾವ್ ಮಾಡಿದ ಕೆಲಸ ಇಂದಿನ ಬಹುಚರ ಹೋಲಿಕೆಗಳ ಬುನಾದಿಯಲ್ಲಿದೆ. ಹಲವು ಗುಂಪುಗಳನ್ನು ಹಲವು ಅಳತೆಗಳಲ್ಲಿ ಹೋಲಿಸುವಾಗ ಅವರು 1951ರಲ್ಲಿ ಕೊಟ್ಟ ಅಂದಾಜು ಸೂತ್ರವನ್ನೇ ಸಂಖ್ಯಾಶಾಸ್ತ್ರದ ತಂತ್ರಾಂಶಗಳು ಈಗಲೂ ಬಳಸುತ್ತವೆ. ತಲೆಬುರುಡೆಯನ್ನು ಹೊರಗಿನಿಂದ ಅಳೆದ ಕಾಲದ ಗಣಿತ ಮೆದುಳನ್ನು ಒಳಗಿನಿಂದ ಅಳೆಯುವ ಕಾಲಕ್ಕೂ ಒದಗಿಬಂದಿರುವುದು ಹೆಮ್ಮೆಪಡುವ ಸಂಗತಿ.

ಇಲ್ಲಿಯವರೆಗಿನದು ಬೇರೆ ಯಾವುದೇ ವೈದ್ಯಕೀಯ ಸಂಶೋಧನೆಗೂ ಸಲ್ಲುವ ಮಾತು. ಮೆದುಳಿನ ಚಿತ್ರಗಳಿಗೇ ವಿಶೇಷವಾದ ಕಷ್ಟ ಶುರುವಾಗುವುದು ಅದೇ ಪರೀಕ್ಷೆಯನ್ನು ಲಕ್ಷ ಜಾಗಗಳಲ್ಲಿ ಒಟ್ಟಿಗೆ ನಡೆಸಿದಾಗ. ಲಾಟರಿಯಲ್ಲಿ ಒಬ್ಬರಿಗೆ ಬಹುಮಾನ ಬರುವ ಸಾಧ್ಯತೆ ತೀರಾ ಕಡಿಮೆ, ಆದರೆ ಟಿಕೆಟ್ ಕೊಂಡವರು ಲಕ್ಷಗಟ್ಟಲೆ ಇದ್ದರೆ ಯಾರಿಗಾದರೂ ಬಂದೇ ಬರುತ್ತದೆ. ಎರಡು ಗುಂಪುಗಳ ನಡುವೆ ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದರೂ 1,00,000 ವಾಕ್ಸೆಲ್‌ಗಳಲ್ಲಿ ಪಿ 0.05 ಎಂಬ ಮಿತಿ ಹಾಕಿದರೆ ಸರಾಸರಿ 5,000 ವಾಕ್ಸೆಲ್‌ಗಳು ಅದನ್ನು ದಾಟಿ ನಕ್ಷೆಯಲ್ಲಿ ಬಣ್ಣ ತಳೆಯುತ್ತವೆ. ಮಿತಿಯನ್ನು 0.001ಕ್ಕೆ ಬಿಗಿಗೊಳಿಸಿದರೂ 100 ಉಳಿಯುತ್ತವೆ.

ಇದನ್ನು ಎಲ್ಲರಿಗೂ ಮನದಟ್ಟು ಮಾಡಿದ್ದು ಒಂದು ಸತ್ತ ಮೀನು. ಕ್ರೇಗ್ ಬೆನೆಟ್ ಮತ್ತು ಮೂವರು ಸಹೋದ್ಯೋಗಿಗಳು ಅಟ್ಲಾಂಟಿಕ್ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿಟ್ಟು, ಜೀವಂತ ಸ್ವಯಂಸೇವಕರಿಗೆ ತೋರಿಸುವ ಮನುಷ್ಯರ ಚಿತ್ರಗಳನ್ನೇ ತೋರಿಸಿ, ಚಿತ್ರದಲ್ಲಿರುವವರ ಭಾವನೆ ಏನೆಂದು 'ಕೇಳಿದರು'. ಆಗ ಬಳಕೆಯಲ್ಲಿದ್ದ 0.001 ಮಿತಿಯಲ್ಲಿ 8,064 ವಾಕ್ಸೆಲ್‌ಗಳ ಪೈಕಿ 16 'ಚಟುವಟಿಕೆ' ತೋರಿಸಿದವು. ಅವುಗಳಲ್ಲಿ ಕೆಲವು ಮೀನಿನ ಮೆದುಳಿನ ಜಾಗದಲ್ಲೇ ಇದ್ದವು. ಬಹುಸಂಖ್ಯೆಯ ಪರೀಕ್ಷೆಗಳಿಗೆ ಬೇಕಾದ ತಿದ್ದುಪಡಿ ಮಾಡಿದ ಕೂಡಲೇ ಅಷ್ಟೂ ಮಾಯವಾದವು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಭಿತ್ತಿಪತ್ರವಾಗಿ ಬಂದ ಈ ಕೆಲಸ, ತಿದ್ದುಪಡಿ ಇಲ್ಲದ ನಕ್ಷೆಗಳನ್ನು ಪ್ರಕಟಿಸುವ ಅಭ್ಯಾಸಕ್ಕೆ ಬಲವಾದ ಪೆಟ್ಟು ಕೊಟ್ಟಿತು.

ತಿದ್ದುಪಡಿಗಳಲ್ಲಿ ಅತ್ಯಂತ ಸರಳವಾದದ್ದು ಇಟಲಿಯ ಬಾನ್ಫೆರೋನಿ ಹೆಸರಿನದು: 0.05 ಅನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿ. ಲಕ್ಷ ಪರೀಕ್ಷೆಗಳಿದ್ದರೆ ಮಿತಿ ಕೋಟಿಗೆ 5. ಇಡೀ ಮೆದುಳಿನಲ್ಲಿ ಒಂದೇ ಒಂದು ಸುಳ್ಳು ವಾಕ್ಸೆಲ್ ನುಸುಳುವ ಸಾಧ್ಯತೆಯೂ ನೂರಕ್ಕೆ 5ನ್ನು ಮೀರದು. ಆದರೆ ನೆರೆಯ ವಾಕ್ಸೆಲ್‌ಗಳು ಒಂದನ್ನೊಂದು ಹೋಲುವುದರಿಂದ ಲಕ್ಷ ಪರೀಕ್ಷೆ ಎಂದರೆ ನಿಜವಾಗಿ ಲಕ್ಷ ಸ್ವತಂತ್ರ ಪರೀಕ್ಷೆಗಳಲ್ಲ. ಹೀಗಾಗಿ ಈ ಮಿತಿ ಬೇಕಾದ್ದಕ್ಕಿಂತ ಕಠಿಣ, ನಿಜವಾದ ವ್ಯತ್ಯಾಸಗಳೂ ಇದರಲ್ಲಿ ಕೊಚ್ಚಿಹೋಗುತ್ತವೆ. ಕೆನಡಾದ ಕೀತ್ ವರ್ಸ್‌ಲಿ 1992ರಿಂದ ಮುಂದೆ ಬೆಳೆಸಿದ 'ರ‍್ಯಾಂಡಮ್ ಫೀಲ್ಡ್' ಸಿದ್ಧಾಂತ ಚಿತ್ರ ಎಷ್ಟು ನಯವಾಗಿದೆ ಎಂದು ಅಳೆದು ಅದಕ್ಕೆ ತಕ್ಕ ಮಿತಿ ಹೇಳುತ್ತದೆ. ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಸೂಚಿಸಿದ ಎಫ್‌ಡಿಆರ್ ದಾರಿ ಬೇರೆಯೇ: ಒಂದೂ ಸುಳ್ಳು ಬರಬಾರದೆಂದು ಪಟ್ಟು ಹಿಡಿಯುವ ಬದಲು, ಸಿಕ್ಕವುಗಳ ಪೈಕಿ ಸುಳ್ಳಿನ ಪಾಲು ಸರಾಸರಿ ನೂರಕ್ಕೆ 5ನ್ನು ದಾಟದಂತೆ ಅದು ನೋಡಿಕೊಳ್ಳುತ್ತದೆ. ಮುಂದಿನ ಅಧ್ಯಯನಕ್ಕೆ ಸುಳಿವು ಹುಡುಕುವಾಗ ಎಫ್‌ಡಿಆರ್ ಒಪ್ಪುತ್ತದೆ. ಶಸ್ತ್ರಚಿಕಿತ್ಸೆಯಂಥ ನಿರ್ಧಾರ ನಿರ್ದಿಷ್ಟ ಜಾಗವೊಂದರ ಮೇಲೆ ನಿಂತಿರುವಾಗ ಒಪ್ಪುವುದಿಲ್ಲ.

ಬಹುಕಾಲ ಎಲ್ಲರಿಗೂ ಅಚ್ಚುಮೆಚ್ಚಾಗಿದ್ದದ್ದು ಕ್ಲಸ್ಟರ್ ವಿಧಾನ. ಬಿಡಿ ವಾಕ್ಸೆಲ್‌ಗಳ ಬದಲು, ಒಂದು ಆರಂಭದ ಮಿತಿಯನ್ನು ದಾಟಿ ಒಟ್ಟಾಗಿ ಅಂಟಿಕೊಂಡಿರುವ ವಾಕ್ಸೆಲ್‌ಗಳ ಗೊಂಚಲನ್ನು ನೋಡಿ, ಇಷ್ಟು ದೊಡ್ಡ ಗೊಂಚಲು ಆಕಸ್ಮಿಕವಾಗಿ ಬರಬಹುದೇ ಎಂದು ಕೇಳುವುದು. ಮೆದುಳಿನ ಚಟುವಟಿಕೆ ಒಂದು ವಾಕ್ಸೆಲ್‌ಗೆ ಸೀಮಿತವಲ್ಲವಾದ್ದರಿಂದ ಆಲೋಚನೆ ಸರಿಯಾದದ್ದೇ. ಆದರೆ ಆಕಸ್ಮಿಕ ಗೊಂಚಲು ಎಷ್ಟು ದೊಡ್ಡದಿರಬಹುದೆಂಬ ಲೆಕ್ಕ, ವಾಕ್ಸೆಲ್‌ಗಳ ನಡುವಿನ ಹೋಲಿಕೆ ದೂರ ಹೋದಂತೆ ಗಣಿತಜ್ಞ ಗಾಸ್ ಹೇಳಿದ ಗಂಟೆಯಾಕಾರದಲ್ಲಿ ಬೇಗ ಇಳಿಯುತ್ತದೆ ಎಂಬ ಊಹೆಯ ಮೇಲೆ ನಿಂತಿತ್ತು.

ಆ ಊಹೆಯನ್ನು ನಿಜವಾದ ಮಾಹಿತಿಯ ಮೇಲೆ ಒರೆಗೆ ಹಚ್ಚಿದವರು ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್, ಹಾನ್ಸ್ ಕ್ನುಟ್ಸನ್ ಮತ್ತು ಇಂಗ್ಲೆಂಡಿನ ಥಾಮಸ್ ನಿಕೋಲ್ಸ್. ಅವರು ಬಳಸಿದ್ದು ಸಾರ್ವಜನಿಕವಾಗಿ ಲಭ್ಯವಿದ್ದ 499 ಆರೋಗ್ಯವಂತರ ಎಫ್‌ಎಂಆರ್‌ಐ ಚಿತ್ರಗಳನ್ನು. ಸ್ಕ್ಯಾನರ್‌ನಲ್ಲಿ ಯಾರಿಗೂ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ, ಎಲ್ಲರೂ ಸುಮ್ಮನೆ ಮಲಗಿದ್ದರು. ಅವರನ್ನು ಯದ್ವಾತದ್ವಾ ಎರಡು ಗುಂಪು ಮಾಡಿ ಹೋಲಿಸಿದರೆ ಕಾಣುವ ಯಾವ ವ್ಯತ್ಯಾಸವೂ ಸುಳ್ಳೇ. ಇಂಥ ವಿಶ್ಲೇಷಣೆಗಳನ್ನು ಗುಂಪಿನ ಗಾತ್ರ, ಮಿತಿ, ತಂತ್ರಾಂಶಗಳನ್ನು ಬದಲಿಸುತ್ತ ಸುಮಾರು 30 ಲಕ್ಷ ಸಲ ನಡೆಸಿದರು. ನೂರಕ್ಕೆ 5 ಸಲ ಮಾತ್ರ ಸುಳ್ಳು ಕಾಣಬೇಕಾಗಿತ್ತು. ಎಸ್‌ಪಿಎಂ, ಎಫ್‌ಎಸ್‌ಎಲ್, ಎಎಫ್‌ಎನ್‌ಐ ಎಂಬ ಮೂರು ಜನಪ್ರಿಯ ತಂತ್ರಾಂಶಗಳ ಕ್ಲಸ್ಟರ್ ವಿಧಾನಗಳಲ್ಲಿ ಕೆಲವು ಸನ್ನಿವೇಶಗಳಲ್ಲಿ ಅದು ನೂರಕ್ಕೆ 70ರವರೆಗೂ ಹೋಯಿತು. ಆರಂಭದ ಮಿತಿ 0.01 ಇದ್ದಾಗ ಪರಿಸ್ಥಿತಿ ತೀರಾ ಕೆಟ್ಟದ್ದು, 0.001 ಇದ್ದಾಗ ಸಾಕಷ್ಟು ಸುಧಾರಿಸಿದ್ದು. ವಾಕ್ಸೆಲ್‌ಗಳ ನಡುವಿನ ನಿಜವಾದ ಹೋಲಿಕೆ ಊಹಿಸಿದ್ದಕ್ಕಿಂತ ದೂರದವರೆಗೆ ಚಾಚಿಕೊಂಡಿರುವುದೂ, ಮೆದುಳಿನ ಎಲ್ಲ ಕಡೆ ಒಂದೇ ತೆರನಾಗಿರದಿರುವುದೂ ಕಾರಣ. 2016ರಲ್ಲಿ ಈ ಲೇಖನ ಬಂದಾಗ 40,000 ಅಧ್ಯಯನಗಳು ಪ್ರಶ್ನಾರ್ಹವಾದವು ಎಂಬ ಸುದ್ದಿ ಹಬ್ಬಿತು. ಆ ಮಾತು ಅತಿಯಾಯಿತೆಂದು ಲೇಖಕರೇ ನಂತರ ತಿದ್ದಿದರು. ತೊಂದರೆಯಿರುವುದು ಸಡಿಲ ಮಿತಿ ಬಳಸಿದ, ದುರ್ಬಲ ಫಲಿತಾಂಶಗಳಲ್ಲಿ.

ಅದೇ ಪ್ರಯೋಗದಲ್ಲಿ ಎರಡು ಗುಂಪುಗಳ ಹೋಲಿಕೆಗೆ ನೂರಕ್ಕೆ 5ರ ಮಾತನ್ನು ಉಳಿಸಿಕೊಂಡದ್ದು ಅದಲುಬದಲು ಪರೀಕ್ಷೆ, ಅಂದರೆ ಪರ್ಮ್ಯುಟೇಶನ್ ಟೆಸ್ಟ್. ಇದರ ಮೂಲ 1930ರ ದಶಕದಲ್ಲಿ ಆರ್.ಎ. ಫಿಶರ್ ಬರೆದದ್ದರಲ್ಲಿದೆ, ಆದರೆ ಲೆಕ್ಕ ಮಾಡಲು ಕಂಪ್ಯೂಟರ್ ಬೇಕಿತ್ತು. ಸಣ್ಣ ಉದಾಹರಣೆಯಲ್ಲಿ ನೋಡಬಹುದು. ಮೂವರು ರೋಗಿಗಳ ಹಿಪೊಕ್ಯಾಂಪಸ್ ಗಾತ್ರ 3.1, 3.3, 3.4 ಘನ ಸೆಂಟಿಮೀಟರ್, ಮೂವರು ಆರೋಗ್ಯವಂತರದು 3.6, 3.7, 3.9 ಎಂದಿಟ್ಟುಕೊಳ್ಳೋಣ. 'ರೋಗಿ', 'ಆರೋಗ್ಯವಂತ' ಎಂಬ ಹಣೆಪಟ್ಟಿಗಳಿಗೆ ಅರ್ಥವೇ ಇಲ್ಲದಿದ್ದರೆ ಅವನ್ನು ಹೇಗೆ ಬೇಕಾದರೂ ಹಂಚಬಹುದು. ಆರು ಜನರನ್ನು ಮೂರು–ಮೂರಾಗಿ ಹಂಚುವ ಬಗೆಗಳು 20. ಇಪ್ಪತ್ತರಲ್ಲೂ ಸರಾಸರಿಗಳ ಅಂತರ ಲೆಕ್ಕ ಹಾಕಿದರೆ ರೋಗಿಗಳದು ಇಷ್ಟು ಕಡಿಮೆ ಬರುವುದು ಒಂದೇ ಒಂದು ಹಂಚಿಕೆಯಲ್ಲಿ, ಅದೂ ನಿಜವಾದ ಹಂಚಿಕೆಯಲ್ಲಿ. ಪಿ ಎಂದರೆ 20ಕ್ಕೆ 1, ಅಂದರೆ 0.05. ಗಂಟೆಯಾಕಾರದ ಊಹೆ ಇಲ್ಲ, ಸಿದ್ಧ ಕೋಷ್ಟಕ ಇಲ್ಲ. ಮೂರು ಮೂರು ಜನರಿದ್ದರೆ ಇದಕ್ಕಿಂತ ಸಣ್ಣ ಪಿ ಬರಲು ಸಾಧ್ಯವೇ ಇಲ್ಲ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಐದೈದು ಜನರಾದರೆ ಹಂಚಿಕೆಗಳು 252; ಹತ್ತು ಹತ್ತಾದರೆ 1,84,756.

ಇಡೀ ಮೆದುಳಿಗೆ ಇದನ್ನು ಅನ್ವಯಿಸುವ ರೀತಿ ಬಹಳ ಸೊಗಸಾದದ್ದು. ಹಣೆಪಟ್ಟಿಗಳನ್ನು ಒಮ್ಮೆ ಕಲಸಿ, ಎಲ್ಲ ವಾಕ್ಸೆಲ್‌ಗಳಲ್ಲೂ ಟಿ ಲೆಕ್ಕ ಹಾಕಿ, ಇಡೀ ಮೆದುಳಿನಲ್ಲಿ ಸಿಕ್ಕ ಅತಿ ದೊಡ್ಡ ಟಿ ಯಾವುದೋ ಅದೊಂದನ್ನೇ ಬರೆದಿಡಬೇಕು. ಹೀಗೆ 5,000 ಸಲ. ಆ 5,000 ಸಂಖ್ಯೆಗಳಲ್ಲಿ ನೂರಕ್ಕೆ 95ನ್ನು ಕೆಳಗೆ ಬಿಡುವ ಸಂಖ್ಯೆಯೇ ಮಿತಿ. ನಿಜವಾದ ಹಂಚಿಕೆಯಲ್ಲಿ ಅದನ್ನು ದಾಟಿದ ವಾಕ್ಸೆಲ್‌ಗಳು ಮಾತ್ರ ಉಳಿಯುತ್ತವೆ. ಲಕ್ಷ ಪರೀಕ್ಷೆಗಳ ತಿದ್ದುಪಡಿ ಇದರೊಳಗೇ ಆಗಿಹೋಗಿರುತ್ತದೆ. ನೆರೆ ವಾಕ್ಸೆಲ್‌ಗಳ ಹೋಲಿಕೆ ಪ್ರತಿ ಕಲಸುವಿಕೆಯಲ್ಲೂ ಇದ್ದಂತೆಯೇ ಇರುವುದರಿಂದ ಅದನ್ನು ಬೇರೆಯಾಗಿ ಊಹಿಸಬೇಕಾಗಿಲ್ಲ. ನಿಕೋಲ್ಸ್ ಮತ್ತು ಆಂಡ್ರ್ಯೂ ಹೋಮ್ಸ್ 2002ರಲ್ಲಿ ಬರೆದ ಪರಿಚಯ ಲೇಖನದಿಂದ ಈ ವಿಧಾನ ಹರಡಿತು. ಕ್ಲಸ್ಟರ್‌ಗೆ ಆರಂಭದ ಮಿತಿಯನ್ನು ಕೈಯಿಂದ ಆರಿಸುವ ಗೋಜು ಬೇಡವೆಂದು ಸ್ಟೀಫನ್ ಸ್ಮಿತ್ ಮತ್ತು ನಿಕೋಲ್ಸ್ 2009ರಲ್ಲಿ ಟಿಎಫ್‌ಸಿಇ ಎಂಬ ಅಳತೆ ತಂದರು. ಅದು ಎಲ್ಲ ಮಿತಿಗಳಲ್ಲೂ ವಾಕ್ಸೆಲ್‌ಗೆ ನೆರೆಯವರಿಂದ ಸಿಗುವ ಬೆಂಬಲವನ್ನು ಕೂಡಿಸಿ ಒಂದು ಅಂಕ ಕೊಡುತ್ತದೆ. ಅಂಕದ ಮಹತ್ವ ತೀರ್ಮಾನವಾಗುವುದು ಅದಲುಬದಲಿನಿಂದಲೇ. ಎರಡು ಗುಂಪುಗಳ ಹೋಲಿಕೆಗೆ ಇಂದು ಮೊದಲು ಯೋಚಿಸಬೇಕಾದ ಪರೀಕ್ಷೆ ಇದು.

ಅದಲುಬದಲಿಗೂ ಒಂದು ಷರತ್ತಿದೆ: ಅದಲುಬದಲಾಗಬಲ್ಲದ್ದನ್ನು ಮಾತ್ರ ಅದಲುಬದಲು ಮಾಡಬೇಕು. ಜೋಡಿ ಮಾಹಿತಿಯಲ್ಲಿ ಹಣೆಪಟ್ಟಿಯನ್ನು ಜೋಡಿಯೊಳಗೆ ಮಾತ್ರ ಬದಲಿಸಬಹುದು. ಅವಳಿಗಳು, ಒಡಹುಟ್ಟಿದವರು ಇರುವ ಅಧ್ಯಯನದಲ್ಲಿ ಒಂದು ಮನೆಯವರನ್ನು ಚದುರಿಸುವಂತಿಲ್ಲ. ವಯಸ್ಸಿನಂಥ ಅಂಶ ಸೇರಿದಾಗ ಅದರ ಪಾಲು ಕಳೆದು ಉಳಿದದ್ದನ್ನು ಕಲಸುವ ಫ್ರೀಡ್‌ಮನ್–ಲೇನ್ ವಿಧಾನ ಬೇಕು. ಎರಡು ಗುಂಪುಗಳ ಏರಿಳಿತ ಅಸಮವಾಗಿದ್ದರೆ ಅದಲುಬದಲೂ ಎಡವುತ್ತದೆ. ವೆಲ್ಚ್ ಬಗೆಯ ಟಿ ಬಳಸಿದರೆ ಸುರಕ್ಷಿತ.

ಕ್ಲಸ್ಟರ್ ವಿಧಾನದ ಫಲಿತಾಂಶವನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಗೊಂಚಲು ಮಹತ್ವದ್ದೆಂದು ಬಂದರೆ, ಅದರೊಳಗೆ ಎಲ್ಲೋ ವ್ಯತ್ಯಾಸವಿದೆ ಎಂದಷ್ಟೇ ಅರ್ಥ. ಅದರೊಳಗಿನ ಪ್ರತಿ ವಾಕ್ಸೆಲ್‌ನಲ್ಲೂ ಇದೆಯೆಂದಲ್ಲ. ಅರ್ಧ ಮೆದುಳನ್ನು ಆವರಿಸಿದ ಗೊಂಚಲಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗವೂ ಸೇರಿದೆಯೆಂದು ಭಯದ ಬಗ್ಗೆ ತೀರ್ಮಾನ ಬರೆಯುವುದು ಲೆಕ್ಕ ಕೊಡದ ಮಾತನ್ನು ಆಡಿದಂತೆ. ಜಾಗ ಮುಖ್ಯವಾದರೆ ವಾಕ್ಸೆಲ್ ಮಟ್ಟದ ಪರೀಕ್ಷೆ ಬೇಕು, ಇಲ್ಲವೇ ಯಾವ ಭಾಗ ನೋಡಬೇಕೆಂದು ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಹಾಗೆ ಗೊತ್ತುಮಾಡಿದರೆ ಲಕ್ಷ ಪರೀಕ್ಷೆಗಳ ಬದಲು ಒಂದೆರಡೇ ಸಾಕು. ಇಡೀ ಮೆದುಳನ್ನು ನೋಡಿ ಬಣ್ಣ ಬಂದ ಜಾಗವನ್ನು ಆಮೇಲೆ ಆರಿಸಿ, ಅದೇ ಮಾಹಿತಿಯಲ್ಲಿ ಮತ್ತೆ ಅಳೆಯುವುದು ಸುತ್ತುವ ತರ್ಕ. ಅಲ್ಲಿ ವ್ಯತ್ಯಾಸ ಸಿಕ್ಕಿಯೇ ಸಿಗುತ್ತದೆ, ಇರುವುದಕ್ಕಿಂತ ದೊಡ್ಡದಾಗಿಯೂ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಬೇರೆ ಇದೆ. ರೋಗಿಗಳಲ್ಲಿ ತರಬೇತಿಯ ಪರಿಣಾಮ ಮಹತ್ವದ್ದಾಗಿ ಬಂತು, ಆರೋಗ್ಯವಂತರಲ್ಲಿ ಬರಲಿಲ್ಲ, ಆದ್ದರಿಂದ ಎರಡು ಗುಂಪುಗಳೂ ಬೇರೆ ಎಂಬ ವಾದ ಅದು. ಒಂದರಲ್ಲಿ ಪಿ 0.04, ಇನ್ನೊಂದರಲ್ಲಿ 0.06 ಬಂದಿರಬಹುದು, ಅವೆರಡರ ನಡುವಿನ ವ್ಯತ್ಯಾಸ ನಗಣ್ಯ. ಗುಂಪುಗಳು ಬೇರೆ ಎನ್ನಬೇಕಾದರೆ ಆ ವ್ಯತ್ಯಾಸವನ್ನೇ ನೇರವಾಗಿ ಪರೀಕ್ಷಿಸಬೇಕು. ಸಾಂಡರ್ ನ್ಯೂವೆನ್‌ಹೌಸ್ ಮತ್ತು ಜೊತೆಗಾರರು 2011ರಲ್ಲಿ ಐದು ಪ್ರಮುಖ ಪತ್ರಿಕೆಗಳ 513 ನರವಿಜ್ಞಾನ ಲೇಖನಗಳನ್ನು ನೋಡಿದಾಗ, ಇಂಥ ಹೋಲಿಕೆ ಮಾಡಿದವರಲ್ಲಿ 78 ಲೇಖನಗಳು ಸರಿಯಾದ ದಾರಿ ಹಿಡಿದಿದ್ದವು, 79 ತಪ್ಪು ದಾರಿ ಹಿಡಿದಿದ್ದವು.

ವ್ಯತ್ಯಾಸ ಕಾಣಲಿಲ್ಲ ಎಂಬುದು ವ್ಯತ್ಯಾಸ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಗುಂಪಿನಲ್ಲಿ ಹತ್ತೋ ಹನ್ನೆರಡೋ ಜನರಿದ್ದಾಗ ಸಾಧಾರಣ ಗಾತ್ರದ ವ್ಯತ್ಯಾಸವೂ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಕ್ಯಾಥರಿನ್ ಬಟನ್ ಮತ್ತಿತರರು 2013ರಲ್ಲಿ ಲೆಕ್ಕ ಹಾಕಿದಂತೆ, ಮೆದುಳಿನ ಭಾಗಗಳ ಗಾತ್ರ ಹೋಲಿಸಿದ ಎಂಆರ್‌ಐ ಅಧ್ಯಯನಗಳಲ್ಲಿ ನಿಜವಾದ ವ್ಯತ್ಯಾಸವನ್ನು ಪತ್ತೆಹಚ್ಚುವ ಸಾಮರ್ಥ್ಯದ ಮಧ್ಯಮ ಮಟ್ಟ ನೂರಕ್ಕೆ 8 ಮಾತ್ರ. ಇಂಥ ಚಿಕ್ಕ ಅಧ್ಯಯನಗಳಲ್ಲಿ ಮಿತಿ ದಾಟುವುದು ಅದೃಷ್ಟವಶಾತ್ ಉಬ್ಬಿದ ವ್ಯತ್ಯಾಸಗಳೇ. ಆದ್ದರಿಂದ ಪಿ ಜೊತೆಗೆ ವ್ಯತ್ಯಾಸ ಎಷ್ಟು ದೊಡ್ಡದು, ಅದರ ಅನಿಶ್ಚಿತತೆ ಎಷ್ಟು ಎಂದೂ ಹೇಳಬೇಕು. ಎರಡು ಗುಂಪುಗಳೂ ಸಮ ಎಂದೇ ತೋರಿಸಬೇಕಿದ್ದರೆ, ಎಷ್ಟು ಅಂತರವಿದ್ದರೆ ಲೆಕ್ಕಕ್ಕಿಲ್ಲ ಎಂದು ಮೊದಲೇ ಗೊತ್ತುಮಾಡಿ ಸಮಾನತೆಯ ಪರೀಕ್ಷೆ ನಡೆಸಬೇಕು.

ಪರೀಕ್ಷೆಯ ಆಯ್ಕೆ ಫಲಿತಾಂಶವನ್ನು ಎಷ್ಟು ಬದಲಿಸಬಲ್ಲದೆಂದು 2020ರಲ್ಲಿ ಒಂದು ಅಂತರರಾಷ್ಟ್ರೀಯ ಪ್ರಯೋಗ ಅಳೆದು ತೋರಿಸಿತು. 108 ಜನರ ಒಂದೇ ಎಫ್‌ಎಂಆರ್‌ಐ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟು, ಅವೇ 9 ಪ್ರಶ್ನೆಗಳಿಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸಲು ಕೇಳಲಾಯಿತು. ಯಾವ ಎರಡು ತಂಡಗಳೂ ಒಂದೇ ವಿಧಾನ ಅನುಸರಿಸಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರಗಳು ಇಬ್ಭಾಗವಾದವು. ಆದರೆ ಮಿತಿ ಹಾಕುವುದಕ್ಕೆ ಮೊದಲಿನ ಪೂರ್ಣ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೆಚ್ಚಿನ ತಂಡಗಳ ನಕ್ಷೆಗಳು ಒಂದನ್ನೊಂದು ಸಾಕಷ್ಟು ಹೋಲುತ್ತಿದ್ದವು. ಹೌದು–ಅಲ್ಲಗಳ ಜಗಳದಲ್ಲಿ ಕಾಣದ ಒಮ್ಮತ ಆ ನಕ್ಷೆಗಳಲ್ಲಿತ್ತು. ಈ ಕಾರಣಕ್ಕೇ ಯಾವ ಪರೀಕ್ಷೆ, ಯಾವ ಮಿತಿ ಎಂದು ಸ್ಕ್ಯಾನ್‌ಗೆ ಮೊದಲೇ ನೋಂದಾಯಿಸುವ ಪದ್ಧತಿ ಬೆಳೆಯುತ್ತಿದೆ, ಬಣ್ಣ ಬಂದ ತುಣುಕಿನ ಬದಲು ಇಡೀ ಮೆದುಳಿನ ನಕ್ಷೆಯನ್ನು ನ್ಯೂರೋವಾಲ್ಟ್‌ನಂಥ ಸಾರ್ವಜನಿಕ ಸಂಗ್ರಹಕ್ಕೆ ಕೊಡುವುದೂ ಬೆಳೆಯುತ್ತಿದೆ. ಅಲ್ಲಿ ಸೇರಿದ ನಕ್ಷೆಗಳನ್ನು ಮುಂದೆ ಬರುವವರು ಬೇರೆ ಅಧ್ಯಯನಗಳ ನಕ್ಷೆಗಳೊಂದಿಗೆ ಕೂಡಿಸಿ, ಒಂದು ಅಧ್ಯಯನಕ್ಕೆ ಸಿಗದಷ್ಟು ದೊಡ್ಡ ಗುಂಪಿನ ಮೇಲೆ ಅದೇ ಹೋಲಿಕೆಯನ್ನು ಮತ್ತೆ ನಡೆಸಬಹುದು.